ಬೆಟ್ಟಕ್ಕೆ ಹೋಗದ ಶನಿವಾರ

(ಪುಣೆಯ ಕನ್ನಡಿಗರ ಚಾರಣ ಬಳಗವೊಂದರ ತಿಂಗಳ ಬಹಿರಂಗ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಇದ್ದರೂ ಕುರ್ಚಿ ಸಾಲದಷ್ಟು ಜನ ಬಂದಿದ್ದೀರಿ. ಧಾರವಾಡ, ಬೆಳಗಾವಿ, ವಿಜಯಪುರದಿಂದ ಬಂದು ಇಲ್ಲೇ ಮನೆ ಮಾಡಿಕೊಂಡವರು ಇದ್ದೀರಿ. ಉಡುಪಿ, ಮಂಗಳೂರಿನವರು ಇದ್ದೀರಿ. ಬೆಂಗಳೂರಿನಿಂದ ಹಿಂಜವಡಿಯ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಕಾಣುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಕೆಲವು ಮರಾಠಿ ಗೆಳೆಯರೂ ಕೂತಿದ್ದಾರೆ. ಅವರಿಗೂ ಸ್ವಾಗತ.

ಇವತ್ತು ನಾನು ಯಾವ ಶಿಖರದ ಕಥೆಯನ್ನೂ ತಂದಿಲ್ಲ. ಈ ಸಭೆಯ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ. ನಮ್ಮ ಕಿರಿಯ ಸದಸ್ಯರು ಒಂದು ಪ್ರಶ್ನೆ ಎತ್ತಿದ್ದಾರೆ. ತಿಂಗಳಿಗೊಂದು ಟ್ರೆಕ್ ಇದ್ದೇ ಇದೆ. ದಾರಿ, ಫೋಟೋ, ಸಮಯ ಎಲ್ಲ ಫೋನಿಗೇ ಬರುತ್ತದೆ. ಹಾಗಿರುವಾಗ ತಿಂಗಳಿಗೊಂದು ಶನಿವಾರ ಸಂಜೆ ಸುಮ್ನೆ ಯಾಕೆ ಕೂರಬೇಕು? ಅದೂ ಬಾಗಿಲು ತೆಗೆದಿಟ್ಟು, ಸದಸ್ಯರಲ್ಲದವರನ್ನೂ ಕರೆದು?

ಪ್ರಶ್ನೆ ಸರಿಯಾದದ್ದೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ತಿಂಗಳು ಟ್ರೆಕ್ ತಪ್ಪಿದರೆ ತೊಂದರೆ ಇಲ್ಲ. ಸಭೆ ತಪ್ಪಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ತಪ್ಪಲೇಬಾರದು.

ಮಳೆಯಿಂದಲೇ ಶುರು ಮಾಡೋಣ. ಪುಣೆ ಇರುವುದು ಸಹ್ಯಾದ್ರಿಯ ಬೆನ್ನ ಹಿಂದೆ, ಮಳೆಯ ನೆರಳಿನಲ್ಲಿ. ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಮಹಾಬಳೇಶ್ವರದಲ್ಲಿ ಅದು 5,500 ಮಿ.ಮೀ. ದಾಟುತ್ತದೆ. ತಾಮ್ಹಿಣಿ ಘಾಟಿಯಾಗಲಿ, ಲೋನಾವಳವಾಗಲಿ ಇಲ್ಲಿಂದ ಒಂದೆರಡು ಗಂಟೆಯ ದಾರಿ. ನಗರದ ಕೋಥ್ರೂಡ್ ಬಡಾವಣೆಯ ಬಾಲ್ಕನಿಯಲ್ಲಿ ನಿಂತವರಿಗೆ ತುಂತುರು ಕಾಣುತ್ತದೆ. ಅದೇ ಹೊತ್ತಿಗೆ ಘಾಟಿಯ ಅಂಚಿನಲ್ಲಿ ಎದುರಿಗೆ ನಿಂತವರ ಮುಖ ಕಾಣದಂತೆ ಸುರಿಯುತ್ತಿರುತ್ತದೆ. ಹವಾಮಾನ ಇಲಾಖೆ ಪುಣೆ ಜಿಲ್ಲೆಗೆ ಎಚ್ಚರಿಕೆ ಕೊಡುವಾಗ ಘಾಟಿ ಪ್ರದೇಶಕ್ಕೆ ಬೇರೆಯಾಗಿ ಕೊಡುವುದು ಇದಕ್ಕೇ. ನಗರಕ್ಕೆ ಹಳದಿ ಇದ್ದ ದಿನ ಘಾಟಿಗೆ ಕೆಂಪು ಇರಬಹುದು. ಆದರೆ ಬೆಳಿಗ್ಗೆ ಐದಕ್ಕೆ ಬೈಕ್ ತೆಗೆಯುವ ಹುಡುಗರು ನೋಡುವುದು ಫೋನಿನ ಮೂಲೆಯ ಪುಟ್ಟ ಮೋಡದ ಗುರುತನ್ನು. ಅದು ಹೇಳುವುದು ಊರಿನ ಹವೆ. ಅವರು ಹೊರಟಿರುವುದು ಬೇರೆಯೇ ಹವೆಗೆ.

2024ರ ಜೂನ್ 30, ಭಾನುವಾರ. ಲೋನಾವಳದ ಭುಶಿ ಅಣೆಕಟ್ಟಿನ ಹತ್ತಿರದ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಮಕ್ಕಳೂ ಇದ್ದರು. ಆ ವಿಡಿಯೋವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದರು. ನೋಡಿದವರು ಮರುಗಿದರು, ಬೈದವರೂ ಇದ್ದರು. ಅವರು ಸಾಹಸ ಮಾಡಲು ಹೋದವರಲ್ಲ, ಮನೆಮಂದಿ ಸೇರಿ ಮಳೆ ನೋಡಲು ಹೋದವರು. ಅವರಿಗೆ ಮೊದಲೇ ಯಾರಾದರೂ ಎದುರಿಗೆ ಕೂತು ಒಂದು ವಿಷಯ ಹೇಳಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಹಳ್ಳದಲ್ಲಿ ನೀರು ಏರುವುದಕ್ಕೆ ನಾವು ನಿಂತ ಕಡೆ ಮಳೆ ಬೀಳಬೇಕಾಗಿಲ್ಲ. ಮೇಲೆ, ಕಣ್ಣಿಗೆ ಕಾಣದ ಕಡೆ ಬಿದ್ದರೆ ಸಾಕು. ಇಲ್ಲಿನ ಕಲ್ಲು ಕರಿಯ ಬಸಾಲ್ಟ್. ಅದರ ಮೇಲೆ ಮಣ್ಣು ತೆಳು. ಒಂದೆರಡು ವಾರ ಮಳೆ ಬಿದ್ದು ಮಣ್ಣು ನೆನೆದ ಮೇಲೆ ಬಿದ್ದದ್ದೆಲ್ಲ ಹಾಗೇ ಇಳಿದು ಬರುತ್ತದೆ. ತಿಳಿನೀರು ಕೆಂಪಾಯಿತು, ಎಲೆ ಕಡ್ಡಿ ತೇಲಿ ಬಂತು, ಸದ್ದು ದಪ್ಪವಾಯಿತು ಎಂದರೆ ಆಗಲೇ ದಡಕ್ಕೆ ಬರಬೇಕು. ಚೀಲ, ಚಪ್ಪಲಿ ಬಿಟ್ಟು ಬರಬೇಕು.

ಇದನ್ನು ಹೇಳಲು ಎರಡು ನಿಮಿಷ ಹಿಡಿಯಿತು, ಅಲ್ವಾ? ಆದರೆ ಆ ಎರಡು ನಿಮಿಷ ಎಲ್ಲಿ ಸಿಗುತ್ತದೆ? ಜಲಪಾತದ ಮುಂದೆ ನಿಂತಾಗ ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಹಾಡು. ಬೆಟ್ಟದ ಬುಡದಲ್ಲಿ ಆತುರ. ಕೂತು ಕೇಳುವ ಮನಸ್ಸು ಬರುವುದು ಇಂಥ ಸಂಜೆಯಲ್ಲಿ ಮಾತ್ರ. ಅಪಾಯಕ್ಕೆ ಸಿಕ್ಕುವವರಲ್ಲಿ ಜಾಸ್ತಿ ಜನ ಯಾವ ಬಳಗದ ಸದಸ್ಯರೂ ಅಲ್ಲ. ಬಾಗಿಲು ತೆಗೆದಿಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಸದಸ್ಯರಿಗೆ ಮಾತ್ರ ಸಭೆ ಮಾಡಿದರೆ, ತಿಳಿದವರೇ ತಿಳಿದವರಿಗೆ ಹೇಳಿದಂತಾಗುತ್ತದೆ.

ಬೆಟ್ಟ ಹತ್ತುವವರ ಸಂಘಗಳಿಗೆ ಈ ಅಭ್ಯಾಸ ಹಳೆಯದು. ಲಂಡನ್ನಿನಲ್ಲಿ 1857ರಲ್ಲಿ ಆಲ್ಪೈನ್ ಕ್ಲಬ್ ಶುರುವಾದಾಗಿನಿಂದ ಹೋಗಿ ಬಂದವರು ಎದ್ದು ನಿಂತು ತಮ್ಮ ದಾರಿಯನ್ನು ಓದಿ ಹೇಳುತ್ತಿದ್ದರು. ನಮ್ಮಲ್ಲಿ 1928ರಲ್ಲಿ ಹುಟ್ಟಿದ ಹಿಮಾಲಯನ್ ಕ್ಲಬ್ ಮರುವರ್ಷವೇ ತನ್ನ ವಾರ್ಷಿಕ ಪತ್ರಿಕೆ ಹೊರತಂದಿತು. ಇಂದು ಆ ಕ್ಲಬ್ಬಿನ ಮನೆ ಮುಂಬೈ. ಅಲ್ಲಿ ಈಗಲೂ ಉಪನ್ಯಾಸಗಳು ನಡೆಯುತ್ತವೆ. ಆ ಪತ್ರಿಕೆಯನ್ನು ಬಹಳ ವರ್ಷ ಸಂಪಾದಿಸಿದ ಹರೀಶ್ ಕಪಾಡಿಯಾ ಮುಂಬೈಯವರು. ಅವರು ಹಿಮಾಲಯದ ದೂರದ ಕಣಿವೆಗಳನ್ನು ಸುತ್ತಿದವರು, ಜೊತೆಗೆ ಸಹ್ಯಾದ್ರಿಯ ಕಾಲುದಾರಿಗಳನ್ನೂ ಬರೆದಿಟ್ಟವರು. ಮುಂಬೈಯ ಮುಲುಂಡಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಗಿರಿಮಿತ್ರ ಸಮ್ಮೇಳನಕ್ಕೆ ಮಹಾರಾಷ್ಟ್ರದ ಮೂಲೆಮೂಲೆಯಿಂದ ಚಾರಣಿಗರು ಬರುತ್ತಾರೆ. ನಮ್ಮ ಪುಣೆಯ ಗಿರಿಪ್ರೇಮಿ ತಂಡ 2012ರಲ್ಲಿ ಎವರೆಸ್ಟ್ ಏರಿತು, 2019ರಲ್ಲಿ ಕಾಂಚನಜುಂಗಾ ಏರಿತು. ಅಂಥ ತಂಡಗಳು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ವಾರಾಂತ್ಯಕ್ಕೆ ಕೋಟೆ, ಕಡಾ (ನೆಟ್ಟಗಿನ ಬಂಡೆಗೋಡೆ) ಅಂತ ಹೋಗಿ ಬಂದು, ಕೂತು ಮಾತಾಡಿ, ಮತ್ತೆ ಹೋದವರಿಂದ ಹುಟ್ಟುತ್ತವೆ. ನಮ್ಮದು ಸಣ್ಣ ಬಳಗ, ನಮಗೆ ಎವರೆಸ್ಟ್ ಬೇಕಿಲ್ಲ. ಆದರೆ ಕೂತು ಮಾತಾಡುವ ಆ ಅಭ್ಯಾಸ ನಮಗೂ ಬೇಕು.

ಹಾಗಾದರೆ ಏನು ಮಾತಾಡಬೇಕು?

ನನಗೆ ಸೂರ್ಯೋದಯದ ಫೋಟೋಗಳ ಸಾಲು ಇಷ್ಟವಿಲ್ಲ. ಚೆನ್ನಾಗಿರುತ್ತವೆ, ಒಂದೆರಡು ಸಾಕು. ಅದರ ಬದಲು ದಾರಿ ಎರಡಾಗಿ ಒಡೆಯುವ ಜಾಗದ ಒಂದು ಫೋಟೋ ತೋರಿಸಿ. ಎಡಕ್ಕೆ ಹೋದರೆ ದನದ ಹಾದಿ, ಬಲಕ್ಕೆ ಹೋದರೆ ಕೋಟೆ ಎಂದು ಹೇಳಿ. ಫೋನಿನಲ್ಲಿರುವ ದಾರಿಯ ಗೆರೆಯನ್ನು ಯಾರೋ ಜನವರಿಯಲ್ಲಿ ನಡೆದು ಎಳೆದಿರುತ್ತಾರೆ. ಆಗಸ್ಟಿನಲ್ಲಿ ಅಲ್ಲಿ ಎದೆಯುದ್ದ ಹುಲ್ಲು. ಮಾರ್ಚಿನಲ್ಲಿ ಅದೇ ಇಳಿಜಾರು ಒಣಗಿ ಸಡಿಲ ಜಲ್ಲಿಯಾಗಿರುತ್ತದೆ. ಮರಾಠಿ ಗೆಳೆಯರು ಅದನ್ನು ಘಸಾರಾ ಅನ್ನುತ್ತಾರೆ. ಕಾಲು ಜಾರುವುದು ಹತ್ತುವಾಗ ಕಡಿಮೆ, ಇಳಿಯುವಾಗ ಜಾಸ್ತಿ. ಇದನ್ನು ಹೋದ ವಾರ ಹೋಗಿ ಬಂದವರು ಹೇಳಬೇಕು.

ಕಲ್ಲಿನ ಬಗ್ಗೆ ಒಂದು ಸಂಜೆ ಇಡಲೇಬೇಕು. ಭೂಗೋಳದ ಮೇಷ್ಟ್ರನ್ನೋ ಮೇಡಂ ಅವರನ್ನೋ ಕರೆಸಿ. ಇದು ಬರೀ ಪಾಠದ ವಿಷಯ ಅಂತ ಅಂದುಕೊಳ್ಳಬೇಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು, ಪದರದ ಮೇಲೆ ಪದರವಾಗಿ ಕೂತಿತು. ಗಟ್ಟಿ ಪದರ ಬೇಗ ಸವೆಯುವುದಿಲ್ಲ, ನೆಟ್ಟಗೆ ಗೋಡೆಯ ಹಾಗೆ ನಿಲ್ಲುತ್ತದೆ. ಅದು ಕಡಾ. ಮೆದು ಪದರ ಸವೆದು ಇಳಿಜಾರಾಗುತ್ತದೆ, ಸಮತಟ್ಟು ಜಾಗವಾಗುತ್ತದೆ. ಕೋಟೆ ಕಟ್ಟಿದವರು ಅಂಥ ಚಾಚಿಕೊಂಡ ಜಾಗಗಳನ್ನು ಗೋಡೆ ಹಾಕಿ ಮಾಚಿ ಮಾಡಿಕೊಂಡರು. ರಾಜಗಡದ ಪದ್ಮಾವತಿ, ಸುವೇಳಾ, ಸಂಜೀವನಿ ಮಾಚಿಗಳನ್ನು ನೀವು ನೋಡಿದ್ದೀರಿ. ಒಂದು ಸಲ ಈ ಪದರಗಳು ಕಣ್ಣಿಗೆ ಬಿದ್ದರೆ ಆಮೇಲೆ ಪ್ರತಿ ಬೆಟ್ಟದಲ್ಲೂ ಕಾಣುತ್ತವೆ.

ನಮ್ಮವರಿಗೆ ಇದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನ ಬೆಟ್ಟ ಕಲಿತದ್ದು ಕುದುರೆಮುಖ, ಮುಳ್ಳಯ್ಯನಗಿರಿ, ಕುಮಾರ ಪರ್ವತದಲ್ಲಿ. ಅಲ್ಲಿ ಶೋಲಾ ಕಾಡು, ಹುಲ್ಲುಗಾವಲು, ದುಂಡನೆಯ ಏಣುಗಳು. ಅಲ್ಲೂ ಕಮರಿಗಳಿವೆ, ನಿಜ. ಆದರೆ ಹುಲ್ಲಿನ ಇಳಿಜಾರು ಹಿಡಿದು ಇಳಿದರೆ ಎಲ್ಲೋ ಒಂದು ಕಡೆ ತಲುಪುತ್ತೇವೆ ಎಂಬ ಧೈರ್ಯ ಅಲ್ಲಿ ನಡೆದವರ ಕಾಲಿಗೆ ಬಂದುಬಿಟ್ಟಿರುತ್ತದೆ. ಅದೇ ಧೈರ್ಯವನ್ನು ಇಲ್ಲಿಗೆ ತರಬಾರದು. ಇಲ್ಲಿ ಇಳಿಜಾರು ಹುಲ್ಲಿನಿಂದ ಮೆತ್ತಗೆ ಶುರುವಾಗುತ್ತದೆ, ನೂರಾರು ಅಡಿಯ ಕಡಾದ ತುದಿಯಲ್ಲಿ ಮುಗಿಯುತ್ತದೆ. ಮೇಲಿನಿಂದ ಆ ತುದಿ ಕಾಣುವುದಿಲ್ಲ. ಕೆಳಗೆ ಊರಿನ ದೀಪ ಕಾಣುತ್ತದೆ, ಅಷ್ಟೇ. ಕತ್ತಲಾಯಿತು, ದಾರಿ ತಪ್ಪಿತು, ದೀಪ ನೋಡಿ ನೇರ ಇಳಿಯೋಣ ಎನ್ನುವ ಯೋಚನೆ ಸಹ್ಯಾದ್ರಿಯ ಈ ಭಾಗದಲ್ಲಿ ಪ್ರಾಣಕ್ಕೆ ಬರುತ್ತದೆ. ದಾರಿ ಇರುವುದು ಗೊತ್ತಿರುವ ಏಣಿನಲ್ಲಿ, ಗೊತ್ತಿರುವ ನಾಳದಲ್ಲಿ, ಅಂದರೆ ಬಂಡೆಗಳ ನಡುವಿನ ಕಿರಿದಾದ ಕೊರಕಲಿನಲ್ಲಿ ಮಾತ್ರ. ಇಲ್ಲದಿದ್ದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಬೇಕು. ಅದೂ ಆಗದಿದ್ದರೆ ಇದ್ದಲ್ಲೇ ಕೂತು ಬೆಳಕಿಗೆ ಕಾಯಬೇಕು. ಒಂದು ರಾತ್ರಿಯ ಚಳಿ ತಡೆಯಬಹುದು.

ಡಾಕ್ಟರ್ ಒಬ್ಬರನ್ನು ವರ್ಷಕ್ಕೊಮ್ಮೆಯಾದರೂ ಕರೆಸಬೇಕು. ಹಾವಿನ ವಿಷಯ ಬಂದರೆ ವಿದ್ಯಾವಂತರೂ ಸಿನಿಮಾದಲ್ಲಿ ನೋಡಿದ್ದನ್ನೇ ಮಾಡಲು ಹೋಗುತ್ತಾರೆ. ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಮೂಳೆ ಮುರಿದಾಗ ಮಾಡುವ ಹಾಗೆ ಆ ಕೈಯನ್ನೋ ಕಾಲನ್ನೋ ಅಲುಗದಂತೆ ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಹೋಗಬೇಕು. ನಮ್ಮ ದೇಶದಲ್ಲಿ ಸಿಗುವ ವಿಷಮದ್ದು ನಾಲ್ಕು ಹಾವುಗಳಿಗೆ ಮಾಡಿದ್ದು. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಮಳೆಗಾಲದಲ್ಲಿ ಘಾಟಿಯ ಬಿದಿರಿನಲ್ಲಿ ಕಾಣುವ ಹಸಿರು ಮಂಡಲ ಆ ನಾಲ್ಕರಲ್ಲಿ ಸೇರಿಲ್ಲ. ಅದು ಕಚ್ಚಿದರೂ ಆಸ್ಪತ್ರೆಗೆ ಹೋಗಲೇಬೇಕು, ಚಿಕಿತ್ಸೆ ಬೇರೆ ರೀತಿ ಇರುತ್ತದೆ. ಪ್ರತಿ ಟ್ರೆಕ್ಕಿನ ಹಾಳೆಯಲ್ಲಿ ಒಂದು ಸಾಲು ಇರಲಿ: ಈ ಮದ್ದು ಇರುವ ಹತ್ತಿರದ ಸರಕಾರಿ ಆಸ್ಪತ್ರೆ ಯಾವುದು. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ ಬರೆಯಬೇಕು.

ಹಾವಿಗಿಂತ ನಮ್ಮ ಕೋಟೆಗಳಲ್ಲಿ ಜನರನ್ನು ಜಾಸ್ತಿ ಓಡಿಸುವುದು ಹೆಜ್ಜೇನು. ಕಡಾಗಳ ಚಾಚಿನಡಿ, ಹಳೆಯ ಬಾಗಿಲುಗಳ ಕಮಾನಿನಲ್ಲಿ ಗೂಡು ಕಟ್ಟಿರುತ್ತವೆ. ಸೆಂಟು ಬೇಡ, ಹೊಗೆ ಬೇಡ, ಕೂಗಾಟ ಬೇಡ. ಎದ್ದವು ಎಂದರೆ ಮುಖ, ತಲೆ ಮುಚ್ಚಿಕೊಂಡು ದೂರ ಹೋಗುತ್ತಲೇ ಇರಬೇಕು. ಕೈ ಬೀಸಿ ಹೊಡೆಯಬಾರದು. ಕಡಾದ ಅಂಚಿನಲ್ಲಿ ಇದ್ದರೆ ಮಾತ್ರ ಓಡಬಾರದು, ಕಂಬಳಿಯೋ ರೇನ್‌ಕೋಟೋ ಹೊದ್ದು ಅಲ್ಲೇ ಕುಗ್ಗಿ ಕೂರಬೇಕು.

ಹೆಣ್ಣುಮಕ್ಕಳ ವಿಷಯವನ್ನು ನಾವು ಇನ್ನೂ ಸಂಕೋಚದಿಂದಲೇ ಮಾತಾಡುತ್ತೇವೆ. ದಿನವಿಡೀ ನಡೆಯುವಾಗ ಮೂತ್ರಕ್ಕೆ ಎಲ್ಲಿ ಹೋಗಬೇಕು ಎಂಬ ಚಿಂತೆಯಿಂದ ನೀರೇ ಕುಡಿಯದೆ ತಲೆಸುತ್ತಿ ಬೀಳುವವರಿದ್ದಾರೆ. ಮುಟ್ಟಿನ ದಿನ ಬಂದರೆ ಏನು ಕಟ್ಟಿಕೊಳ್ಳಬೇಕು, ಬಳಸಿದ್ದನ್ನು ಹೇಗೆ ವಾಪಸ್ ತರಬೇಕು ಎಂದು ಯಾರೂ ಹೇಳುವುದಿಲ್ಲ. ನಮ್ಮ ಬಳಗದ ಅಕ್ಕಂದಿರಲ್ಲಿ ಇದನ್ನೆಲ್ಲ ಚೆನ್ನಾಗಿ ಬಲ್ಲವರಿದ್ದಾರೆ. ಒಂದು ಸಂಜೆ ಅವರಿಗೇ ಬಿಟ್ಟುಕೊಡೋಣ. ಗಂಡಸರೂ ಕೂತು ಕೇಳಲಿ. ಲೀಡರ್ ಆದವರಿಗೆ ಯಾವಾಗ, ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗುತ್ತದೆ.

ಇನ್ನೊಬ್ಬರನ್ನು ಕರೆಸಲೇಬೇಕು. ಕೋಟೆಯ ತಪ್ಪಲಿನ ಹಳ್ಳಿಯವರನ್ನು. ನಾವು ಯಾರ ಮನೆಯಲ್ಲಿ ಪಿಠಲೆ ಭಾಕರಿ ಉಂಡು, ಅಂಗಳದಲ್ಲಿ ಮಲಗಿ, ಮಾಮಾ ಮಾವಶಿ ಎಂದು ಕರೆಯುತ್ತೇವೋ ಅವರನ್ನು. ಬಸ್ ಚಾರ್ಜ್ ಕೊಟ್ಟು, ಒಂದು ದಿನದ ಕೂಲಿ ಕೊಟ್ಟು, ಈ ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಬೇಕು. ಅವರು ಮರಾಠಿಯಲ್ಲೇ ಮಾತಾಡಲಿ, ನಮಗೆಲ್ಲ ಅರ್ಥವಾಗುತ್ತದೆ. ಏಪ್ರಿಲ್‌ನಲ್ಲಿ ಅವರ ಬಾವಿ ತಳ ಕಂಡಿರುವಾಗ ನಾವು ಎಷ್ಟು ನೀರು ಕೇಳುತ್ತೇವೆ, ರಾತ್ರಿ ಎರಡಕ್ಕೆ ನಮ್ಮ ಬಸ್ಸು ಬಂದಾಗ ಊರಿನ ಮಕ್ಕಳು ಎದ್ದು ಕೂರುತ್ತಾರಾ, ನಾವು ಬಿಟ್ಟು ಬಂದ ಪ್ಲಾಸ್ಟಿಕ್ ಯಾರ ದನದ ಹೊಟ್ಟೆಗೆ ಹೋಯಿತು, ಇದೆಲ್ಲ ಅವರ ಬಾಯಿಂದಲೇ ಬರಬೇಕು. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ರಾಜಮಾಚಿ, ಭಂಡಾರದರಾ ಕಡೆ ಮಿಂಚುಹುಳ ನೋಡಲು ಸಾಲುಗಟ್ಟಿ ಕಾರುಗಳು ಹೋಗುತ್ತವೆ. ಆ ಹುಳಗಳಿಗೆ ಕತ್ತಲೆ ಬೇಕು. ಹೆಡ್‌ಲೈಟ್ ಹಾಕಿಕೊಂಡು ಹೋದವರಿಗೆ ಇದನ್ನು ಊರಿನವರು ಹೇಳಿದರೆ ನಾಟುತ್ತದೆ.

ಇದರಲ್ಲಿ ಇನ್ನೊಂದು ದುಃಖದ ಮಾತೂ ಇದೆ. ಅಂಬೇಗಾವ್ ತಾಲೂಕಿನ ಮಾಳೀಣ್ ಊರು 2014ರ ಜುಲೈ 30ರ ಬೆಳಿಗ್ಗೆ ಗುಡ್ಡದ ಕೆಳಗೆ ಹೂತುಹೋಯಿತು. 150ಕ್ಕೂ ಹೆಚ್ಚು ಜನ ಸತ್ತರು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. ಇರ್ಶಾಳಗಡಕ್ಕೆ ಹೋಗುವ ಚಾರಣಿಗರು ದಾಟಿ ಹೋಗುತ್ತಿದ್ದ ವಾಡಿ ಅದು. ಸುದ್ದಿ ತಿಳಿದು ಮೊದಲು ಹತ್ತಿದವರಲ್ಲಿ ಸುತ್ತಲಿನ ಚಾರಣ ಸಂಘಗಳ ಹುಡುಗರೂ ಇದ್ದರು. ದಾರಿ ಅವರಿಗೆ ಗೊತ್ತಿತ್ತು. ಲೋನಾವಳದ ಶಿವದುರ್ಗ ಮಿತ್ರದಂಥ ತಂಡಗಳು ವರ್ಷವಿಡೀ ಇದೇ ಕೆಲಸ ಮಾಡುತ್ತವೆ. ಯಾರೋ ಕಮರಿಗೆ ಬಿದ್ದರೆ ಕೆಲಸ ಬಿಟ್ಟು ಹಗ್ಗ ಹೊತ್ತು ಹೋಗುತ್ತಾರೆ. ಅಂಥವರನ್ನು ಕರೆಸಿ, ಸನ್ಮಾನದ ಶಾಲು ಹೊದಿಸಿ ಕಳಿಸುವುದಲ್ಲ, ಒಂದು ಗಂಟೆ ಕೂತು ಕೇಳಬೇಕು. ಕಳೆದ ಮಳೆಗಾಲದಲ್ಲಿ ಯಾವ ಕರೆಗಳು ಬಂದವು, ಕರೆ ಮಾಡಿದವರು ತಾವು ಎಲ್ಲಿದ್ದೇವೆಂದು ಹೇಳಲು ಯಾಕೆ ತಡಕಾಡಿದರು ಎಂದು ಕೇಳಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಅರ್ಧಕ್ಕೆ ವಾಪಸ್ ಬಂದವರ ಮಾತು.

ನಮ್ಮ ಸಭೆಗಳಲ್ಲಿ ತುದಿ ಮುಟ್ಟಿದವರು ಮಾತಾಡುತ್ತಾರೆ. ಚಪ್ಪಾಳೆ ಬೀಳುತ್ತದೆ. ಕೋಟೆಯ ಬಾಗಿಲು ಕಾಣುತ್ತಿತ್ತು, ಇನ್ನು ಅರ್ಧ ಗಂಟೆ ಸಾಕಿತ್ತು, ಆದರೆ ಮಂಜು ಇಳಿಯಿತು, ತಂಡದಲ್ಲಿ ಒಬ್ಬರಿಗೆ ಸುಸ್ತಾಯಿತು, ತಿರುಗಿ ಬಂದೆವು ಎನ್ನುವವರು ಎದ್ದು ನಿಲ್ಲುವುದಿಲ್ಲ. ಅವರಿಗೆ ಅದು ಸೋಲು ಅನಿಸುತ್ತದೆ. ಕೇಳುವ ಹೊಸಬರಿಗೂ ಬೆಟ್ಟ ಎಂದರೆ ತುದಿ ಮುಟ್ಟುವುದು ಎಂದೇ ತಲೆಯಲ್ಲಿ ಕೂರುತ್ತದೆ. ಆಮೇಲೆ ಅವರೇ ತಂಡ ಕಟ್ಟಿಕೊಂಡು ಹೋದಾಗ ತಿರುಗಿ ಬರುವ ಮಾತು ಬಾಯಿಗೆ ಬರುವುದಿಲ್ಲ.

ಇದನ್ನು ಬದಲಿಸಲು ನನ್ನ ಕೋರಿಕೆ ಇಷ್ಟು. ಪ್ರತಿ ಸಭೆಯ ಮೊದಲ ಕಾಲು ಗಂಟೆ ಕಳೆದ ತಿಂಗಳ ಟ್ರೆಕ್ಕಿನ ವರದಿಗೆ ಇರಲಿ. ಅದರಲ್ಲಿ ಏನು ಸರಿಹೋಗಲಿಲ್ಲ ಎಂಬುದು ಮೊದಲು ಬರಲಿ. ಹೆಸರು ಹೇಳಬಾರದು. ಯಾರು ತಡ ಮಾಡಿದರು ಎಂಬುದು ಬೇಡ, ತಡವಾದದ್ದರಿಂದ ಏನಾಯಿತು ಎಂಬುದು ಬೇಕು. ನೀರು ಎಲ್ಲಿ ಮುಗಿಯಿತು? ಕೊನೆಯವರಿಗೂ ಮುಂದಿನವರಿಗೂ ನಡುವೆ ಎಷ್ಟು ಅಂತರ ಬಿತ್ತು? ಟಾರ್ಚ್ ಎಷ್ಟು ಜನರ ಹತ್ತಿರ ಇತ್ತು? ವರದಿ ಕೊಟ್ಟವರು ಅದನ್ನು ಬಳಗದ ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ವರ್ಷ ಅದೇ ಕೋಟೆಗೆ ಹೋಗುವವರು ತೆಗೆದು ಓದಲಿ.

ಮತ್ತೆ, ತಿರುಗುವ ಸಮಯವನ್ನು ಸಭೆಯಲ್ಲೇ ಎಲ್ಲರ ಮುಂದೆ ಹೇಳಿಬಿಡಬೇಕು. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಅಭ್ಯಾಸವಿದ್ದ ಒಬ್ಬ ಮನುಷ್ಯನ ವೇಗ. ಊಟ, ಫೋಟೋ, ಬಿಸಿಲು, ಮಕ್ಕಳು ಯಾವುದೂ ಅದರಲ್ಲಿಲ್ಲ. ನಮ್ಮಂಥ ಮೂವತ್ತು ಜನರ ಗುಂಪಿಗೆ ನಾನು ಅದರ ಎರಡರಷ್ಟು ಹಿಡಿಯುತ್ತೇನೆ. ಹಾಗೆ ಲೆಕ್ಕ ಹಾಕಿ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ ಎಂದು ಇಲ್ಲಿ ಹೇಳಿ ಹೋದರೆ, ಅಲ್ಲಿ ತಿರುಗುವಾಗ ಲೀಡರಿಗೆ ಜಗಳ ಮಾಡಬೇಕಾಗುವುದಿಲ್ಲ.

ಉಳಿದ ಏರ್ಪಾಡು ನಿಮಗೆ ಗೊತ್ತಿರುವುದೇ. ಮೊದಲ ಶನಿವಾರ, ಇದೇ ಜಾಗ, ಹಣ ಇಲ್ಲ, ಚಹಾ ಇದೆ.

ಜನಜಂಗುಳಿಯ ಬಗ್ಗೆಯೂ ಹೇಳಬೇಕು. 2025ರ ಜುಲೈನಲ್ಲಿ ಯುನೆಸ್ಕೋ ಮರಾಠರ ಕಾಲದ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿವನೇರಿ, ಲೋಹಗಡ, ರಾಜಗಡ ಮೂರೂ ನಮ್ಮ ಜಿಲ್ಲೆಯವು. ಹೆಮ್ಮೆಯ ಸಂಗತಿ. ಆದರೆ ಮಳೆಗಾಲದ ಭಾನುವಾರ ಲೋಹಗಡಕ್ಕೆ ಹೋದವರಿಗೆ ಅಲ್ಲಿನ ಸ್ಥಿತಿ ಗೊತ್ತು. ಸಾಲಾಗಿ ನಾಲ್ಕು ಬಾಗಿಲು, ಕಿರಿದಾದ ಮೆಟ್ಟಿಲು, ಹತ್ತುವವರೂ ಇಳಿಯುವವರೂ ಅದರಲ್ಲೇ. ಕರ್ನಾಟಕದಲ್ಲೂ 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿ ತರಬೇಕಾಯಿತು. ನಮ್ಮ ಸಭೆಗೆ ಬಂದವರಿಗೆ ಪ್ರಸಿದ್ಧ ಹತ್ತು ಕೋಟೆಗಳಾಚೆ ಇರುವ ದಾರಿಗಳನ್ನು ಹೇಳಬಹುದು. ಭಾನುವಾರದ ಬದಲು ಬೇರೆ ದಿನ ಹೋಗಿ ಎಂದು ಹೇಳಬಹುದು. ಒಂದು ಸಂಜೆ ಕಾರವಿ ಗಿಡದ ಬಗ್ಗೆ ಮಾತಾಡಿದರೆ ಸಾಕು, ನೋಡುವ ಕಣ್ಣೇ ಬೇರೆಯಾಗುತ್ತದೆ. ನೀಲಕುರಿಂಜಿಯ ಬಳಗದ ಗಿಡ ಅದು. ಕುರಿಂಜಿ 12 ವರ್ಷಕ್ಕೊಮ್ಮೆ ಹೂ ಬಿಟ್ಟರೆ ಇದು 8 ವರ್ಷಕ್ಕೊಮ್ಮೆ. ಮುಂಬೈ ಸುತ್ತಲಿನ ಬೆಟ್ಟಗಳಲ್ಲಿ 2008, 2016, 2024ರಲ್ಲಿ ಬಿಟ್ಟಿತು. ತಪ್ಪಲಿನ ಊರುಗಳಲ್ಲಿ ಇದರ ಕೋಲುಗಳಿಂದಲೇ ಗುಡಿಸಲಿನ ಗೋಡೆ ನೇಯುತ್ತಾರೆ. 2032ರಲ್ಲಿ ಅದು ಮತ್ತೆ ಅರಳುವಾಗ, ಹೋದ ಸಲ ಎಲ್ಲಿ ಕಂಡಿತ್ತು ಎಂದು ಹೇಳುವವರು ಈ ಕೋಣೆಯಲ್ಲಿ ಇರಬೇಕು. ನಾವು ಬರೆದಿಟ್ಟರೆ ಇರುತ್ತಾರೆ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಹುಡುಗಿ ಕೇಳಿದಳು: ಸರ್, ಇದನ್ನೆಲ್ಲ ಆನ್‌ಲೈನ್ ಸಭೆಯಲ್ಲಿ ಮಾಡಿದರೆ ಜಾಸ್ತಿ ಜನ ಬರಬಹುದಲ್ವಾ?

ಬರಬಹುದು. ಮಾತು ಕೇಳಲು ಅದು ಸಾಕು. ಆದರೆ ಮೊದಲ ಸಲ ಬರುವವರು ವೇದಿಕೆಯ ಮಾತಿಗಿಂತ ಚಹಾ ಹೊತ್ತಿನಲ್ಲಿ ಜಾಸ್ತಿ ಕಲಿಯುತ್ತಾರೆ. ನನ್ನ ಶೂ ನಡೆಯುತ್ತಾ, ನನಗೆ ಎತ್ತರದ ಭಯ ಇದೆ, ಬರಬಹುದಾ ಎಂದು ನೂರು ಜನರ ಮುಂದೆ ಮೈಕ್ ಹಿಡಿದು ಯಾರೂ ಕೇಳುವುದಿಲ್ಲ. ಕಪ್ ಹಿಡಿದು ಪಕ್ಕದವರನ್ನು ಕೇಳುತ್ತಾರೆ. ಉಪನ್ಯಾಸದ ಭಾಗವನ್ನು ಬೇಕಾದರೆ ರೆಕಾರ್ಡ್ ಮಾಡಿ ಹಂಚೋಣ. ತಪ್ಪುಗಳ ಬಗ್ಗೆ ಮಾತಾಡುವ ಮೊದಲ ಕಾಲು ಗಂಟೆಯನ್ನು ಮಾತ್ರ ರೆಕಾರ್ಡ್ ಮಾಡಬಾರದು. ಮಾಡಿದರೆ ಯಾರೂ ಬಾಯಿ ಬಿಡುವುದಿಲ್ಲ.

ಹಿರಿಯರೊಬ್ಬರು ಕೇಳಿದರು: ನನ್ನ ಮಂಡಿ ಹೋಗಿದೆ. ಇನ್ನು ಹತ್ತಲು ಆಗುವುದಿಲ್ಲ. ನನಗೆ ಇಲ್ಲೇನು ಕೆಲಸ?

ಕಾಕಾ, ನೀವು ಎಸ್.ಟಿ. ಬಸ್ಸಿನಲ್ಲಿ ಹೋಗಿ ನಡೆದ ದಾರಿಗಳಲ್ಲಿ ಕೆಲವು ಈಗ ರಸ್ತೆಯಾಗಿವೆ, ಕೆಲವು ಮುಳ್ಳು ಬೆಳೆದು ಮುಚ್ಚಿವೆ. ಕೋಟೆಯ ಮೇಲಿನ ಕಲ್ಲಿನ ಟಾಕೆಗಳಲ್ಲಿ ಯಾವುದರ ನೀರು ಮೇವರೆಗೂ ಇರುತ್ತಿತ್ತು ಎಂದು ನಿಮಗೆ ಗೊತ್ತು. ನಕ್ಷೆ ತರುತ್ತೇವೆ, ನೀವು ಪೆನ್ಸಿಲ್ ಹಿಡಿದು ಗುರುತು ಹಾಕಿ. ಇನ್ನೊಂದು ಕೆಲಸವೂ ಇದೆ. ಟ್ರೆಕ್ಕಿನ ದಿನ ಊರಿನಲ್ಲಿ ಫೋನ್ ಹತ್ತಿರ ಒಬ್ಬರು ಇರಬೇಕು. ತಂಡದ ಹೆಸರುಗಳು, ಮನೆಯವರ ನಂಬರ್, ವಾಪಸ್ ಬರುವ ಸಮಯ ಅವರ ಹತ್ತಿರ ಇರಬೇಕು. ಹೇಳಿದ ಸಮಯಕ್ಕೆ ಕರೆ ಬರದಿದ್ದರೆ ಮುಂದೆ ಯಾರಿಗೆ ತಿಳಿಸಬೇಕು ಎಂದು ಅವರಿಗೆ ಗೊತ್ತಿರಬೇಕು. ನೀವು ಒಪ್ಪಿದರೆ ಈ ತಿಂಗಳಿನಿಂದಲೇ.

ಕೊನೆಯ ಪ್ರಶ್ನೆ ಹೊಸದಾಗಿ ಊರಿಗೆ ಬಂದ ಹುಡುಗನದು: ದುಡ್ಡು ತೆಗೆದುಕೊಂಡು ಟ್ರೆಕ್ ಮಾಡಿಸುವವರು ತುಂಬಾ ಇದ್ದಾರೆ. ಅವರ ಜೊತೆ ಹೋಗಬಹುದಾ? ಯಾರು ಒಳ್ಳೆಯವರು ಅಂತ ಹೇಗೆ ಗೊತ್ತಾಗುತ್ತದೆ?

ಹೋಗಬಹುದು. ಶ್ರದ್ಧೆಯಿಂದ ಮಾಡುವವರೂ ಇದ್ದಾರೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದಿದೆ, ಆಯೋಜಕರು ನೋಂದಾಯಿಸಿಕೊಳ್ಳಬೇಕು. ಅದನ್ನು ಮೊದಲು ಕೇಳಿ. ಆಮೇಲೆ ಒಬ್ಬ ಲೀಡರಿಗೆ ಎಷ್ಟು ಜನ ಅಂತ ಕೇಳಿ. ಆ ಲೀಡರ್ ಈ ದಾರಿಯನ್ನು ಇದೇ ಋತುವಿನಲ್ಲಿ ನಡೆದಿದ್ದಾರಾ, ಪ್ರಥಮ ಚಿಕಿತ್ಸೆ ಕಲಿತಿದ್ದಾರಾ, ಕೊನೆಯಲ್ಲಿ ಯಾರು ನಡೆಯುತ್ತಾರೆ, ಘಾಟಿಗೆ ಕೆಂಪು ಎಚ್ಚರಿಕೆ ಬಂದರೆ ಟ್ರೆಕ್ ರದ್ದು ಮಾಡಿ ದುಡ್ಡು ವಾಪಸ್ ಕೊಡುತ್ತೀರಾ ಎಂದು ಕೇಳಿ. ಈ ಕೊನೆಯದಕ್ಕೆ ಬರುವ ಉತ್ತರ ಬಹಳಷ್ಟು ತಿಳಿಸುತ್ತದೆ. ಉತ್ತರ ಕೊಡಲು ಹಿಂದೆ ಮುಂದೆ ನೋಡಿದರೆ ದುಡ್ಡು ಕಟ್ಟಬೇಡಿ. ಇವೇ ಪ್ರಶ್ನೆಗಳನ್ನು ನಮ್ಮ ಬಳಗಕ್ಕೂ ಕೇಳಿ. ಮುಂದಿನ ಟ್ರೆಕ್ಕಿನ ಲೀಡರ್ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಚಹಾ ಬರುವ ಮುಂಚೆಯೇ ಕೇಳಬಹುದು.